ಟ್ಯಾಂಕಿನ ಉಸಿರುನಳಿಗೆ: ಪಿಕಪ್ ವಾಹನದ ಡೀಸೆಲ್‌ಗೆ ನೀರು, ಧೂಳು ಸೇರದಂತೆ ಕಾಯುವ ಬಗೆ



ಹಿಂದೆ ತೋಟಗಾರನ ಮನೆಯಲ್ಲಿ ಎತ್ತಿನ ಗಾಡಿಗೆ ಇದ್ದ ಸ್ಥಾನ ಇಂದು ಪಿಕಪ್ ವಾಹನಕ್ಕೆ ಬಂದಿದೆ. ಗೊಬ್ಬರ ತರುವುದಕ್ಕೂ ಅದೇ, ಕೊಯ್ದ ಕಾಫಿ ಹಣ್ಣನ್ನು ಪಲ್ಪರಿಗೆ ಸಾಗಿಸುವುದಕ್ಕೂ ಅದೇ, ಅಡಿಕೆ ಮೂಟೆಯನ್ನು ಸಂಘದ ಗೋದಾಮಿಗೆ ತರುವುದಕ್ಕೂ ಅದೇ. ಎತ್ತು ಮೇವು ಬಿಟ್ಟರೆ ನಮ್ಮ ಹಿರಿಯರಿಗೆ ಕೂಡಲೇ ತಿಳಿಯುತ್ತಿತ್ತು. ವಾಹನದ ಹೊಟ್ಟೆಗೆ ನೀರು ಸೇರಿದ್ದು ಮಾತ್ರ ಅದು ದಾರಿಯಲ್ಲಿ ನಿಂತ ಮೇಲೆಯೇ ನಮಗೆ ತಿಳಿಯುತ್ತದೆ. ಈ ನೀರು ಒಳಗೆ ಹೋಗುವ ಒಂದು ದಾರಿ ನಮ್ಮಲ್ಲಿ ಬಹಳ ಮಂದಿ ಕಣ್ಣಿಟ್ಟು ನೋಡದ ದಾರಿ. ಅದೇ ಡೀಸೆಲ್ ಟ್ಯಾಂಕಿನ ಉಸಿರುನಳಿಗೆ. ಗ್ಯಾರೇಜಿನವರು ಇದನ್ನು ಬ್ರೀದರ್ ಪೈಪ್ ಎನ್ನುತ್ತಾರೆ. ಬೆರಳಿನಷ್ಟೂ ದಪ್ಪವಿಲ್ಲದ ಈ ರಬ್ಬರ್ ನಳಿಗೆಯ ವಿಚಾರವೇ ಇಂದಿನ ಪಾಠ.

ನಮ್ಮಲ್ಲಿ ನಡೆದ ಸಂಗತಿ

2021ರ ಜುಲೈ ತಿಂಗಳು. ಅಡಿಕೆಗೆ ಎರಡನೆಯ ಬಾರಿ ಬೋರ್ಡೊ ಮಿಶ್ರಣ ಹೊಡೆಯುವ ಕಾಲ ಮೀರುತ್ತಿತ್ತು. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಒಂದು ಸಂಜೆ ಮೋಡ ಸ್ವಲ್ಪ ಹರಿಯಿತು. ನಾಳೆ, ನಾಡಿದ್ದು ಹೊಳವಾದೀತೆಂದು ನಂಬಿ, ಪೇಟೆಗೆ ಹೋಗಿ ಮೈಲುತುತ್ತ, ಸುಣ್ಣ ಹೇರಿಕೊಂಡು ಹೊರಟೆ. ಘಾಟಿ ಹತ್ತಿ ಇಳಿದು, ನಮ್ಮ ಮನೆಯ ಕೆಳಗಿನ ಹಳ್ಳಕ್ಕೆ ಬರುವಾಗ ನೀರು ಅರ್ಧ ಚಕ್ರದ ಮಟ್ಟಕ್ಕಿತ್ತು. ಎದುರಿನ ದಡದಿಂದ ಒಂದು ಜೀಪು ಇಳಿದದ್ದರಿಂದ ಅದಕ್ಕೆ ದಾರಿ ಬಿಡಲು ನೀರಿನಲ್ಲೇ ನಾಲ್ಕೈದು ನಿಮಿಷ ನಿಂತೆ. ಆಮೇಲೆ ಮನೆ ಸೇರಿದೆ. ಏನೂ ತೊಂದರೆ ಕಾಣಲಿಲ್ಲ.

ಮರುದಿನ ಬೆಳಗ್ಗೆ ಬಿಸಿಲು ಬಿದ್ದಿತ್ತು. ಕೊನೆಗಾರರನ್ನು ಕರೆತರಲು ವಾಹನ ಹೊರಡಿಸಿದರೆ ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತುಹೋಯಿತು. ಮತ್ತೆ ಮತ್ತೆ ಕೀಲಿ ತಿರುಗಿಸಿದ್ದು ನಾನು ಮಾಡಿದ ಎರಡನೆಯ ತಪ್ಪು. ಮಧ್ಯಾಹ್ನ ಮೆಕ್ಯಾನಿಕ್ ಬಂದು ಫಿಲ್ಟರಿನ ತಳದ ತಿರುಪು ಬಿಚ್ಚಿದಾಗ ಡೀಸೆಲಿಗಿಂತ ಮೊದಲು ಒಂದು ಲೋಟ ಕಂದು ನೀರು ಇಳಿಯಿತು. ನಾನು ಕೂಡಲೇ ಬಂಕಿನವರ ಮೇಲೆ ಹರಿಹಾಯ್ದೆ. ಆದರೆ ಅದೇ ದಿನ ಅದೇ ಬಂಕಿನಲ್ಲಿ ತುಂಬಿಸಿಕೊಂಡ ನೆರೆಯವರ ಎರಡು ವಾಹನಗಳು ಸುಖವಾಗಿ ಓಡಾಡುತ್ತಿದ್ದವು. ಕೊನೆಗೆ ಮೆಕ್ಯಾನಿಕ್ ವಾಹನದ ಅಡಿಗೆ ತೂರಿ, “ಅಣ್ಣಾ, ಬಂಕಿನವರನ್ನು ಬೈದದ್ದು ಸಾಕು, ಇಲ್ಲಿ ಬಂದು ನೋಡಿ” ಎಂದ. ಟ್ಯಾಂಕಿನ ಮೇಲೆ ಕ್ಲಿಪ್ಪಿನಲ್ಲಿ ನಿಲ್ಲಬೇಕಾಗಿದ್ದ ಉಸಿರುನಳಿಗೆ ಕಳಚಿ ಚಾಸಿಯ ಕೆಳಗೆ ಜೋತುಬಿದ್ದಿತ್ತು. ಹಿಂದಿನ ಸಂಜೆ ಅದರ ಬಾಯಿ ಹಳ್ಳದ ನೀರಿನೊಳಗೆ ಇತ್ತು.

ಟ್ಯಾಂಕ್ ಇಳಿಸಿ ತೊಳೆದು ವಾಹನ ಮತ್ತೆ ಓಡುವಾಗ ಮೂರನೆಯ ದಿನವಾಗಿತ್ತು. ಹೊಳವು ಮುಗಿದು ಮಳೆ ಹಿಡಿದಿತ್ತು. ಆ ವರ್ಷ ನಮ್ಮ ಕೆಳಗಿನ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಅಡಿಕೆಯ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಒಂದು ಕ್ಲಿಪ್ಪಿನ ಬೆಲೆ ಎಷ್ಟೆಂದು ಮಾತ್ರ ಅಂದು ತಿಳಿಯಿತು.

ಟ್ಯಾಂಕ್ ಏಕೆ ಉಸಿರಾಡಬೇಕು?

ಒಂದು ಲೀಟರ್ ಡೀಸೆಲ್ ಖರ್ಚಾದರೆ ಟ್ಯಾಂಕಿನಲ್ಲಿ ಒಂದು ಲೀಟರಿನಷ್ಟು ಜಾಗ ತೆರವಾಗುತ್ತದೆ. ಆ ಜಾಗಕ್ಕೆ ಹೊರಗಿನ ಗಾಳಿ ಬರಲೇಬೇಕು. ಬರದಿದ್ದರೆ ಒಳಗೆ ಎಳೆತ ಉಂಟಾಗಿ ಪಂಪಿಗೆ ಡೀಸೆಲ್ ಸಿಗುವುದಿಲ್ಲ. ಆದುದರಿಂದ ಪ್ರತಿ ಟ್ಯಾಂಕಿಗೂ ಗಾಳಿಯ ದಾರಿ ಇಟ್ಟಿರುತ್ತಾರೆ. ಕೆಲವು ವಾಹನಗಳಲ್ಲಿ ಅದು ಟ್ಯಾಂಕಿನ ನೆತ್ತಿಯಿಂದ ಹೊರಡುವ ಸಣ್ಣ ನಳಿಗೆ, ಕೆಲವಲ್ಲಿ ಮುಚ್ಚಳದೊಳಗಿನ ಕವಾಟ, ಇನ್ನು ಕೆಲವಲ್ಲಿ ಎರಡೂ ಇರುತ್ತವೆ. ಡೀಸೆಲ್ ತುಂಬುವಾಗ ಒಳಗಿನ ಗಾಳಿ ಹೊರಬರಲು ಕತ್ತಿನ ಪಕ್ಕದಲ್ಲಿ ಇನ್ನೊಂದು ನಳಿಗೆಯೂ ಇರುವುದುಂಟು. ಇವೆರಡನ್ನೂ ಗುರುತಿಸಿಕೊಳ್ಳಬೇಕು.

ಉಸಿರಾಟಕ್ಕೆ ಇನ್ನೊಂದು ಕಾರಣ ಬಿಸಿ ಮತ್ತು ತಂಪು. ಎಂಜಿನ್ನಿಗೆ ಹೋದ ಡೀಸೆಲಿನಲ್ಲಿ ಉರಿಯದೆ ಉಳಿದದ್ದು ಬಿಸಿಯಾಗಿ ಟ್ಯಾಂಕಿಗೇ ಹಿಂತಿರುಗುತ್ತದೆ. ಹೀಗಾಗಿ ಓಡುತ್ತಿರುವ ವಾಹನದ ಟ್ಯಾಂಕ್ ಬೆಚ್ಚಗಾಗಿ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ತಂಪಾದಾಗ ಗಾಳಿ ಕುಗ್ಗಿ, ಹೊರಗಿನಿಂದ ಅಷ್ಟನ್ನೇ ಒಳಗೆಳೆಯುತ್ತದೆ. ನಳಿಗೆಯ ಬಾಯಲ್ಲಿ ಗಾಳಿ ಇದ್ದರೆ ಗಾಳಿ ಬರುತ್ತದೆ. ಧೂಳಿದ್ದರೆ ಧೂಳು, ನೀರಿದ್ದರೆ ನೀರು. ಟ್ಯಾಂಕಿಗೆ ಬೇಕು-ಬೇಡ ತಿಳಿಯದು.

ಒಂದು ಸಣ್ಣ ಲೆಕ್ಕ

“ರಾತ್ರಿ ಟ್ಯಾಂಕ್ ಖಾಲಿ ಬಿಡಬೇಡಿ, ಇಬ್ಬನಿ ಕಟ್ಟಿ ನೀರಾಗುತ್ತದೆ” ಎಂಬ ಮಾತು ಎಲ್ಲರೂ ಕೇಳಿದ್ದೇ. ಅದು ಸುಳ್ಳಲ್ಲ. ಆದರೆ ಎಷ್ಟು ನೀರು ಎಂಬುದನ್ನು ನೋಡಬೇಕು. ಅರುವತ್ತು ಲೀಟರಿನ ಟ್ಯಾಂಕಿನಲ್ಲಿ ಇಪ್ಪತ್ತು ಲೀಟರ್ ಡೀಸೆಲ್ ಇದೆ, ಉಳಿದ ನಲುವತ್ತು ಲೀಟರ್ ಗಾಳಿ ಎಂದಿಟ್ಟುಕೊಳ್ಳಿ. ಗಾಳಿ ಪೂರ್ತಿ ತೇವದಿಂದ ಕೂಡಿದ್ದರೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರಿನಲ್ಲಿ ಹಿಡಿಯುವ ನೀರಾವಿ ಸುಮಾರು 30 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ನಲುವತ್ತು ಲೀಟರ್ ಗಾಳಿ ಹತ್ತು ಡಿಗ್ರಿ ತಂಪಾದರೆ ಬೇರ್ಪಡುವ ನೀರು ಅರ್ಧ ಗ್ರಾಂ, ಅಂದರೆ ಸುಮಾರು ಹತ್ತು ಹನಿ. ಮರುದಿನ ಹೊಸದಾಗಿ ಒಳಬರುವ ಗಾಳಿ ಒಂದೂಕಾಲು ಲೀಟರಿನಷ್ಟೇ ಆದ್ದರಿಂದ ಅದು ತರುವ ನೀರು ಒಂದು ಹನಿಯೂ ಆಗದು.

ಇನ್ನು ಹಳ್ಳದ ಲೆಕ್ಕ. ಅದೇ ನಲುವತ್ತು ಲೀಟರ್ ಗಾಳಿ 40 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಸುಮಾರು ಎರಡು ಲೀಟರಿನಷ್ಟು ಕುಗ್ಗುತ್ತದೆ. ನಳಿಗೆಯ ಬಾಯಿ ನೀರಿನಲ್ಲಿದ್ದರೆ ಆ ಕೊರತೆಯನ್ನು ತುಂಬಲು ಹೊರಡುವುದು ನೀರು. ಪೂರ್ತಿ ಎರಡು ಲೀಟರ್ ಒಳಗೆ ಬರುತ್ತದೆಂದಲ್ಲ. ನಳಿಗೆ ಎಷ್ಟು ಮೇಲಕ್ಕೆ ಏರಬೇಕು, ವಾಹನ ಎಷ್ಟು ಹೊತ್ತು ನೀರಿನಲ್ಲಿತ್ತು ಎಂಬುದರ ಮೇಲೆ ಅದು ನಿಂತಿದೆ. ಆದರೆ ಇಬ್ಬನಿಯ ಹತ್ತು ಹನಿಗೂ ಹಳ್ಳದ ಒಂದು ಲೋಟಕ್ಕೂ ಇರುವ ಅಂತರ ನಿಮಗೆ ಮನವರಿಕೆಯಾಗಿರಬಹುದು. ಟ್ಯಾಂಕ್ ತುಂಬಿಸಿಡುವುದು ಒಳ್ಳೆಯ ಅಭ್ಯಾಸವೇ ಸರಿ. ಅದಕ್ಕಿಂತ ಹತ್ತು ಪಾಲು ಮುಖ್ಯವಾದುದು ಉಸಿರುನಳಿಗೆಯ ಬಾಯಿ ಎಲ್ಲಿದೆ ಎಂದು ತಿಳಿದಿರುವುದು.

ನೀರು, ಧೂಳು ಬರುವ ದಾರಿಗಳು

1. ಕ್ಲಿಪ್ ಕಳಚಿ ನಳಿಗೆ ಕೆಳಗೆ ಜೋತುಬೀಳುವುದು. ಕೊರಕಲು ರಸ್ತೆಯ ಅಲುಗಾಟಕ್ಕೆ ಇದು ಸಾಮಾನ್ಯ. ತೋಟದ ರಸ್ತೆಯ ಕಡ್ಡಿ ಸಿಕ್ಕಿ ಹರಿಯುವುದೂ ಇದೆ.

2. ರಬ್ಬರ್ ಸೀಳುವುದು. ಬಿಸಿ ಮತ್ತು ಡೀಸೆಲ್ ತಾಗಿ ಹಳೆಯ ರಬ್ಬರ್ ಬಿರಿಯುತ್ತದೆ. ನಳಿಗೆ ಟ್ಯಾಂಕಿಗೆ ಕೂಡುವ ಜಾಗದಲ್ಲಿ ಸೀಳು ಬಿದ್ದರೆ ಮೇಲಿನಿಂದ ಕಾಣಿಸುವುದೇ ಇಲ್ಲ. ಟ್ಯಾಂಕಿನ ನೆತ್ತಿಯ ಮೇಲೆ ಕೂತ ಕೆಸರು, ನೀರು ಆ ಸೀಳಿನಿಂದ ನೇರ ಒಳಗೆ ಇಳಿಯುತ್ತವೆ.

3. ಇಲಿ ಕಡಿಯುವುದು. ಕೊಟ್ಟಿಗೆಯ ಪಕ್ಕ ವಾಹನ ನಿಲ್ಲಿಸುವವರು ಇದನ್ನು ಮರೆಯಬಾರದು.

4. ಜೋರು ನೀರಿನಲ್ಲಿ ತೊಳೆಯುವುದು. ಕೆಸರು ಹೋಗಲೆಂದು ಪಂಪಿನ ನೀರನ್ನು ಟ್ಯಾಂಕಿನ ನೆತ್ತಿಗೂ ಮುಚ್ಚಳಕ್ಕೂ ನೇರವಾಗಿ ಹೊಡೆಯುತ್ತೇವೆ. ಬಿಸಿ ಟ್ಯಾಂಕಿಗೆ ತಣ್ಣೀರು ಬಿದ್ದಾಗಲೇ ಅದು ಒಳಗೆಳೆಯುವ ಹೊತ್ತು.

5. ಮುಚ್ಚಳದ ರಬ್ಬರ್ ಬಳೆ ಸವೆಯುವುದು, ಅಥವಾ ಕಳೆದ ಮುಚ್ಚಳದ ಬದಲು ಬಟ್ಟೆ ಸುತ್ತಿದ ತುಂಡು ತುರುಕುವುದು. ಬಟ್ಟೆ ಮಳೆಯ ನೀರನ್ನು ಹೀರಿ ಒಳಗೆ ಬಿಡುತ್ತದೆ.

6. ಬೇಸಗೆಯ ಕೆಂಧೂಳು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಕಾಫಿ ಕೊಯ್ಲಿನ ಕಾಲದಲ್ಲಿ, ತೋಟದ ರಸ್ತೆಗಳಲ್ಲಿ ಹಿಂದಿನ ಚಕ್ರ ಎಬ್ಬಿಸುವ ಧೂಳೆಲ್ಲ ಟ್ಯಾಂಕಿನ ಸುತ್ತಲೇ ಸುಳಿಯುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಗೆ ದೊಡ್ಡ ಫಿಲ್ಟರ್ ಇದೆ. ಹರಿದ ಉಸಿರುನಳಿಗೆಗೆ ಯಾವ ಫಿಲ್ಟರೂ ಇಲ್ಲ.

ನಳಿಗೆ ಕಟ್ಟಿಕೊಂಡರೆ?

ಇದು ಇನ್ನೊಂದು ಬಗೆಯ ತೊಂದರೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ಸಣ್ಣ ರಂಧ್ರಗಳೆಂದರೆ ಬಹಳ ಇಷ್ಟ. ಒಂದೆರಡು ವಾರ ನಿಂತ ವಾಹನದ ನಳಿಗೆಯನ್ನು ಅದು ಮಣ್ಣಿನಿಂದ ಮುಚ್ಚಿಬಿಡುತ್ತದೆ. ಒಣಗಿದ ಕೆಸರೂ ಇದೇ ಕೆಲಸ ಮಾಡುತ್ತದೆ. ಗುರುತುಗಳು ಹೀಗಿವೆ: ಅರ್ಧ ಗಂಟೆ ಓಡಿದ ಮೇಲೆ ಏರಿನಲ್ಲಿ ಎಂಜಿನ್ ಬಲ ಕಳೆದುಕೊಳ್ಳುವುದು, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಯಾಗುವುದು, ಮುಚ್ಚಳ ತೆರೆದಾಗ ಗಾಳಿ ‘ಉಸ್’ ಎಂದು ಜೋರಾಗಿ ಒಳಗೆ ನುಗ್ಗುವುದು. ತುಂಬುವಾಗಿನ ನಳಿಗೆ ಕಟ್ಟಿದ್ದರೆ ಬಂಕಿನ ಗನ್ ಪದೇ ಪದೇ ತಾನಾಗಿ ನಿಲ್ಲುತ್ತದೆ, ಡೀಸೆಲ್ ನೊರೆಯಾಗಿ ಉಕ್ಕುತ್ತದೆ.

ಇಂಥ ಸಮಯದಲ್ಲಿ ನಮ್ಮಲ್ಲಿ ಕೆಲವರು ಮಾಡುವ ಉಪಾಯವೆಂದರೆ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯುವುದು, ಇಲ್ಲವೇ ಮುಚ್ಚಳವನ್ನು ಸಡಿಲ ಬಿಡುವುದು. ಅಂದಿಗೆ ವಾಹನ ಓಡುತ್ತದೆ. ಆದರೆ ಕಳ್ಳ ಬರುತ್ತಾನೆಂದು ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಟ್ಟಂತೆ, ಮುಂದಿನ ಮಳೆಗೆ ನೀರು ಆ ತೂತಿನಿಂದಲೇ ಇಳಿಯುತ್ತದೆ. ಕಟ್ಟಿದ ನಳಿಗೆಯನ್ನು ಬಿಡಿಸುವುದೊಂದೇ ಸರಿಯಾದ ಕ್ರಮ.

ನೀರಿನಿಂದ ಆಗುವ ಹಾನಿ

ನೀರು ಡೀಸೆಲಿಗಿಂತ ಭಾರ. ಅದು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ಪಂಪ್ ಡೀಸೆಲನ್ನು ಎಳೆಯುವುದೂ ತಳದ ಹತ್ತಿರದಿಂದಲೇ. ಡೀಸೆಲ್ ಪಂಪಿಗೂ ನಾಜಲಿಗೂ ಬೇರೆ ಎಣ್ಣೆ ಹಾಕುವ ಏರ್ಪಾಡು ಬಹುತೇಕ ಇರುವುದಿಲ್ಲ. ಡೀಸೆಲಿನ ಜಿಡ್ಡೇ ಅವುಗಳಿಗೆ ಎಣ್ಣೆ. ಆ ಜಾಗಕ್ಕೆ ನೀರು ಬಂದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ.

2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಭಾರತ್ ಸ್ಟೇಜ್ 6ರ ಪಿಕಪ್‌ಗಳೂ, ಅದಕ್ಕೂ ಹಿಂದಿನ ಅನೇಕ ವಾಹನಗಳೂ ಕಾಮನ್ ರೈಲ್ ಎಂಬ ವ್ಯವಸ್ಥೆಯವು. ವಾಹನದ ಚಕ್ರದಲ್ಲಿ ನಾವು ತುಂಬುವ ಗಾಳಿಯ ಒತ್ತಡ ಮೂರು, ನಾಲ್ಕು ಬಾರ್. ಕಾಮನ್ ರೈಲಿನಲ್ಲಿ ಡೀಸೆಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಅಲ್ಲಿ ಬಿಡಿಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಅರದಂತೆ ಕೊರೆಯುತ್ತದೆ. ಹಳೆಯ ಜೀಪು ಹೇಗೋ ಕೆಮ್ಮುತ್ತ ಮನೆ ಸೇರುತ್ತಿತ್ತು. ಹೊಸ ವಾಹನ ಹಾಗೆ ಸೇರದು, ಅದರ ರಿಪೇರಿಯ ಖರ್ಚೂ ಹಳೆಯ ಲೆಕ್ಕದಲ್ಲಿ ಇಲ್ಲ.

ಇನ್ನೊಂದು ಮಾತು. ನೀರು ಬಹುಕಾಲ ತಳದಲ್ಲಿ ನಿಂತರೆ, ನೀರು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಫಿಲ್ಟರ್ ಬದಲಾಯಿಸಿದ ಕೆಲವೇ ದಿನಗಳಲ್ಲಿ ಮತ್ತೆ ಕಪ್ಪು ಲೋಳೆಯಿಂದ ಕಟ್ಟಿದರೆ ಟ್ಯಾಂಕನ್ನೇ ತೊಳೆಸಬೇಕು. ಫಿಲ್ಟರ್ ಮೇಲೆ ಫಿಲ್ಟರ್ ಹಾಕುವುದು ವ್ಯರ್ಥ.

ನೋಡುವ ಕ್ರಮ

ವಾಹನವನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿದ ಮೇಲೆ ನೋಡಿರಿ. ಬೀಡಿ, ಬೆಂಕಿ ಹತ್ತಿರ ಬೇಡ. ಟ್ಯಾಂಕಿನ ನೆತ್ತಿಯ ಕೆಸರನ್ನು ಬ್ರಷ್ಷಿನಿಂದ ತೆಗೆದು, ನಳಿಗೆ ಹೊರಡುವಲ್ಲಿಂದ ಕೊನೆಯವರೆಗೂ ಕೈಯಾಡಿಸಿರಿ. ಸೀಳು, ಮಡಿಕೆ, ಕಳಚಿದ ಕ್ಲಿಪ್, ಇಲಿಯ ಹಲ್ಲಿನ ಗುರುತು ಎಲ್ಲವೂ ಕೈಗೆ ಸಿಗುತ್ತವೆ. ಕಟ್ಟಿದೆ ಎಂಬ ಅನುಮಾನವಿದ್ದರೆ ನಳಿಗೆಯನ್ನು ಟ್ಯಾಂಕಿನಿಂದ ಬಿಡಿಸಿ, ಹೊರಗೆ ಹಿಡಿದು ಗಾಳಿ ಊದಬೇಕು. ಟ್ಯಾಂಕಿಗೆ ಜೋಡಿಸಿದಂತೆಯೇ ಕಂಪ್ರೆಸರಿನ ಗಾಳಿ ಬಿಡುವುದು ಅಪಾಯ. ಬಾಯಿಂದ ಹೀರುವುದೂ ಬೇಡ.

ಸರಿಪಡಿಸುವ ಕ್ರಮ

ಹರಿದ ನಳಿಗೆಗೆ ಬದಲಾಗಿ ತೋಟದ ನೀರಿನ ಪೈಪಿನ ತುಂಡು ಹಾಕಬೇಡಿ. ಅದು ಡೀಸೆಲಿಗೆ ಮೆತ್ತಗಾಗಿ ಕುಸಿಯುತ್ತದೆ. ಡೀಸೆಲಿಗೆಂದೇ ಮಾಡಿದ ರಬ್ಬರ್ ನಳಿಗೆ, ಮೊದಲಿನಷ್ಟೇ ಒಳಗಾತ್ರದ್ದು, ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ.

ಹಳ್ಳ ದಾಟುವುದು ಅನಿವಾರ್ಯವಾದವರು ನಳಿಗೆಯ ಬಾಯಿಯನ್ನು ಎತ್ತರಕ್ಕೆ ಒಯ್ಯಬಹುದು. ಕ್ಯಾಬಿನ್ನಿನ ಹಿಂಭಾಗದಲ್ಲಿ, ತುಂಬುವ ಮುಚ್ಚಳಕ್ಕಿಂತ ಮೇಲೆ, ಅದನ್ನು ಗಟ್ಟಿಯಾಗಿ ಕಟ್ಟಬೇಕು. ತುದಿ ಊರುಗೋಲಿನ ಹಿಡಿಯಂತೆ ಕೆಳಕ್ಕೆ ಬಾಗಿರಬೇಕು. ಆಗ ಮಳೆ ಒಳಗೆ ಬೀಳದು. ತುದಿಗೆ ಒಂದು ಸಣ್ಣ ಬ್ರೀದರ್ ಫಿಲ್ಟರ್ ಹಾಕಿದರೆ ಧೂಳೂ ಕಣಜವೂ ಬಾರವು. ಮಧ್ಯೆ ಎಲ್ಲಿಯೂ ತಗ್ಗು ಇರಬಾರದು, ತಗ್ಗಿನಲ್ಲಿ ಡೀಸೆಲ್ ನಿಂತು ಗಾಳಿಯ ದಾರಿ ಮುಚ್ಚುತ್ತದೆ. ಸೈಲೆನ್ಸರಿನ ಹತ್ತಿರ, ವಿದ್ಯುತ್ ತಂತಿಗಳ ಹತ್ತಿರ, ಕ್ಯಾಬಿನ್ನಿನ ಒಳಗೆ ತುದಿಯನ್ನು ತರಲೇಬಾರದು. ಟ್ಯಾಂಕಿನ ನೆತ್ತಿಯಲ್ಲಿ, ವಾಹನ ಮಗುಚಿದರೂ ಡೀಸೆಲ್ ಸುರಿಯದಂತೆ ತಡೆಯುವ ಕವಾಟವಿದ್ದರೆ ಅದನ್ನು ಕಿತ್ತು ಹಾಕಬೇಡಿ. ಗ್ಯಾರಂಟಿ ಅವಧಿಯಲ್ಲಿರುವ ವಾಹನಕ್ಕೆ ಈ ಕೆಲಸವನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲೇ ಕೇಳಿ ಮಾಡಿಸುವುದು ಒಳಿತು.

ಇಷ್ಟಾದ ಮಾತ್ರಕ್ಕೆ ತುಂಬಿದ ಹಳ್ಳಕ್ಕೆ ಇಳಿಯಬಹುದೆಂದು ತಿಳಿಯಬಾರದು. ಡೀಸೆಲ್ ಕೆಟ್ಟರೆ ತೊಳೆಯಬಹುದು, ಜೀವ ಹೋದರೆ ಬಾರದು. ಸಣ್ಣ ನೀರನ್ನು ದಾಟುವಾಗಲೂ ಸಾಧ್ಯವಾದರೆ ದಡದಲ್ಲಿ ಹತ್ತು ಹದಿನೈದು ನಿಮಿಷ ನಿಂತು ಟ್ಯಾಂಕ್ ತಣಿಯಲು ಬಿಡಿ, ಆಮೇಲೆ ನಿಲ್ಲದೆ ದಾಟಿ.

ಬ್ಯಾರಲಿನ ಡೀಸೆಲ್

ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಲೆಂದು 200 ಲೀಟರಿನ ಬ್ಯಾರಲಿನಲ್ಲಿ ಡೀಸೆಲ್ ಇಟ್ಟುಕೊಳ್ಳುವ ಸದಸ್ಯರು ಹಲವರಿದ್ದಾರೆ. ಪಿಕಪ್‌ಗೂ ಅದರಿಂದಲೇ ಒಮ್ಮೊಮ್ಮೆ ತುಂಬುತ್ತಾರೆ. ಬ್ಯಾರಲ್ ಕೂಡ ಉಸಿರಾಡುತ್ತದೆ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲಿನ ನೆತ್ತಿಯ ಅಂಚಿನೊಳಗೆ ಮಳೆನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಬಿರಡೆಯ ಸಂದಿನಿಂದ ಹೊರಬೀಳುತ್ತದೆ, ಸಂಜೆ ತಂಪಿಗೆ ಅದೇ ಸಂದಿನಿಂದ ನಿಂತ ನೀರು ಒಳಸೇರುತ್ತದೆ. ಬಿರಡೆ ಗಟ್ಟಿಯಾಗಿದೆ ಎಂದು ನಂಬಿ ಕೂರುವಂತಿಲ್ಲ. ಬ್ಯಾರಲನ್ನು ಮಾಡಿನ ಕೆಳಗಿಡಿ. ಹೊರಗೇ ಇಡಬೇಕಾದರೆ ಮರದ ತುಂಡುಗಳ ಮೇಲೆ ಅಡ್ಡ ಮಲಗಿಸಿ, ಎರಡು ಬಿರಡೆಗಳೂ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಬರುವಂತೆ ಇಡಿ.

ಡೀಸೆಲ್ ಅಳೆಯಲು ತಾಮ್ರದ ಕೊಡವನ್ನಾಗಲಿ, ಸತುವಿನ ಲೇಪವಿರುವ ಬಕೆಟನ್ನಾಗಲಿ ಬಳಸಬೇಡಿ. ಈ ಎರಡು ಲೋಹಗಳೂ ಡೀಸೆಲನ್ನು ಬೇಗ ಕೆಡಿಸುತ್ತವೆ. ಮೈಲುತುತ್ತ ಕದಡಿದ ಪಾತ್ರೆ, ಕೋಲು, ಆಲಿಕೆ ಇವನ್ನಂತೂ ಡೀಸೆಲ್ ಹತ್ತಿರ ತರಲೇಬೇಡಿ. ಮೈಲುತುತ್ತದಲ್ಲಿರುವುದೂ ತಾಮ್ರವೇ. ಡೀಸೆಲಿಗೆ ಬೇರೆ ಆಲಿಕೆ, ಅದಕ್ಕೊಂದು ಸಣ್ಣ ಕಣ್ಣಿನ ಜಾಲರಿ, ಮುಚ್ಚಿಡಲು ಒಂದು ಚೀಲ, ಇಷ್ಟು ಸಾಕು.

ನೀರು ಸೇರಿದೆ ಎಂದು ಕಂಡರೆ

ಫಿಲ್ಟರಿನ ನೀರಿನ ದೀಪ ಹೊತ್ತಿದರೆ, ಅಥವಾ ಎಂಜಿನ್ ಕೆಮ್ಮಿ ಬಿಳಿ ಹೊಗೆ ಬಿಟ್ಟರೆ, ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ನಾನು ಮಾಡಿದಂತೆ ಕೀಲಿ ತಿರುಗಿಸುತ್ತ ಕೂರಬೇಡಿ. ಪ್ರತಿ ಸಲವೂ ನೀರು ಪಂಪಿನತ್ತ ಇನ್ನಷ್ಟು ಹೋಗುತ್ತದೆ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ, ಬಿದ್ದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗದಂತೆ ಇಡಿ. ನೀರಿದ್ದರೆ ಕೆಳಗೆ ಗೆರೆ ಎದ್ದು ಕಾಣುತ್ತದೆ. ನೀರು ಒಂದೆರಡು ಚಮಚವಾದರೆ ಶುದ್ಧ ಡೀಸೆಲ್ ಬರುವವರೆಗೆ ಇಳಿಸಿ ಮುಂದುವರಿಯಬಹುದು. ಹೆಚ್ಚಿದ್ದರೆ ಟ್ಯಾಂಕನ್ನು ಖಾಲಿ ಮಾಡಿಸಿ ತೊಳೆಸದೆ ಓಡಿಸಬೇಡಿ. ಹೊರತೆಗೆದದ್ದನ್ನು ಹಳ್ಳಕ್ಕೂ ತೋಟದ ಕಪ್ಪಿಗೂ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮಳೆಗಾಲದ ಮೊದಲು ಒಮ್ಮೆ, ಕಾಫಿ ಕೊಯ್ಲಿನ ಮೊದಲು ಒಮ್ಮೆ ಉಸಿರುನಳಿಗೆಯನ್ನು ಕೊನೆಯಿಂದ ಕೊನೆಯವರೆಗೆ ನೋಡಿರಿ.
2. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ದಿನಗಳಲ್ಲಿ ತಿಂಗಳಿಗೊಮ್ಮೆ, ಬೆಳಗ್ಗೆ ಎಂಜಿನ್ ಹಾಕುವ ಮೊದಲೇ ಫಿಲ್ಟರಿನ ನೀರು ಇಳಿಸಿರಿ.
3. ಮುಚ್ಚಳಕ್ಕೆ ತೂತು ಹೊಡೆಯಬೇಡಿ, ಸಡಿಲ ಬಿಡಬೇಡಿ, ಬಟ್ಟೆ ತುರುಕಬೇಡಿ.
4. ತೊಳೆಯುವಾಗ ಮುಚ್ಚಳಕ್ಕೂ ಟ್ಯಾಂಕಿನ ನೆತ್ತಿಗೂ ಜೋರು ನೀರು ಬಿಡಬೇಡಿ.
5. ಟಿಲ್ಲರ್, ಟ್ರ್ಯಾಕ್ಟರ್, ಪಂಪ್‌ಸೆಟ್ಟುಗಳ ಮುಚ್ಚಳದಲ್ಲೂ ಉಸಿರುರಂಧ್ರವಿರುತ್ತದೆ. ಮಳೆಯಲ್ಲಿ ನಿಲ್ಲಿಸುವಾಗ ಅದರ ಮೇಲೆ ಒಂದು ಹಳೆಯ ಡಬ್ಬ ಕವುಚಿಡಿ.

ಮುಂದಿನ ಭಾನುವಾರ ಒಂದು ಗಂಟೆ ಇದಕ್ಕೆಂದು ತೆಗೆದಿಡಿ. ಮನೆಯ ಹುಡುಗರನ್ನೂ ಡ್ರೈವರನ್ನೂ ಜೊತೆಗೆ ಕರೆದು, ನಳಿಗೆ ಎಲ್ಲಿ ಹುಟ್ಟಿ ಎಲ್ಲಿ ಕೊನೆಯಾಗುತ್ತದೆ ಎಂಬುದನ್ನು ಅವರಿಗೂ ತೋರಿಸಿ. ಹೊಳವು ನಮಗಾಗಿ ಕಾಯುವುದಿಲ್ಲ, ಕೊಯ್ದ ಹಣ್ಣೂ ಕಾಯುವುದಿಲ್ಲ. ಅವು ಬಂದ ದಿನ ವಾಹನ ಸಿದ್ಧವಿರಬೇಕಾದರೆ ಈ ಸಣ್ಣ ಕೆಲಸವನ್ನು ಇಂದೇ ಮಾಡಿ ಮುಗಿಸಿರಬೇಕು.